ಮಂಚದ ಎದುರಿನ ಇಂಗ್ಲೆಂಡು

ಅಮೆರಿಕದ ಸಾಂಟಾ ಕ್ಲಾರಾದ ಊರ್ಮಿಳಾ ಹಾಲಿನ ಡಬ್ಬ ಮೂಸದೆ ಕಾಫಿ ಬೆರೆಸುವವಳಲ್ಲ, ಅಂಗಡಿಯ ತೊಗರಿಬೇಳೆಯನ್ನು ಬಿಸಿಲಿಗೆ ಹಿಡಿದು ನೋಡದೆ ಬೇಯಿಸುವವಳೂ ಅಲ್ಲ. ಮೈಸೂರಿನಲ್ಲಿದ್ದಾಗ ಹೀಗಿರಲಿಲ್ಲ. ಅನುಮಾನದ ಬುದ್ಧಿ ಕಲಿಸಿದವನು ಗಂಡ ಶೇಷಾದ್ರಿ. ಅವಳ ಇಂಗ್ಲಿಷು ಆಗಿನ್ನೂ ತಡವರಿಸುತ್ತಿತ್ತು, ಡಾಕ್ಟರು ಅಂದದ್ದನ್ನು ಕನ್ನಡದಲ್ಲಿ ಹೇಳುವವನು ಅವನೇ. ಮೊದಲ ಬಸಿರಿನಲ್ಲಿ ಮಗುವಿನ ಎದೆಬಡಿತ ನಿಂತಿದೆ ಎಂದು ಡಾಕ್ಟರು ಹೇಳಿದರೆ, ಈ ಮಹಾನುಭಾವ "ಎಲ್ಲಾ ಸರಿಯಾಗಿದೆಯಂತೆ" ಅಂದುಬಿಟ್ಟಿದ್ದ. ಹೆಂಡತಿ ಹೆದರಬಾರದಲ್ಲ. ಎರಡು ದಿನ ಅವಳು ಸತ್ತ ಕೂಸಿನೊಂದಿಗೆ ಮಾತಾಡಿದ್ದಳು. ಅಂಥದ್ದನ್ನು ಯಾವ ಹೆಂಗಸು ಮರೆತಾಳು?

ಎಂಬತ್ತನಾಲ್ಕನೇ ಇಸವಿಯಲ್ಲಿ ಅವಳು ಮತ್ತೆ ಐದು ತಿಂಗಳ ಬಸುರಿ. ಒಂದು ಶನಿವಾರ ಶೇಷಾದ್ರಿ ದೊಡ್ಡ ಎಣ್ಣೆಬಣ್ಣದ ಚಿತ್ರವೊಂದನ್ನು ತಂದು ಮಂಚದ ಎದುರು ತೂಗುಹಾಕಿದ. ಇಂಗ್ಲೆಂಡಿನ ಹಳ್ಳಿ. ಒಂದು ತೊರೆ, ಓಕ್ ಮರ, ನೀರಿಗಿಳಿದ ಎರಡು ಹಸು, ಮೇಲೆ ರಾಶಿ ರಾಶಿ ಮೋಡ.

"ರೊಮ್ಯಾಂಟಿಕ್ ಕಾಲದ್ದಂತೆ. ನೂರೈವತ್ತು ವರ್ಷ ಹಳೇದು" ಎಂದ.

"ಎಲ್ಲಿ ತಂದ್ರಿ?"

"ಫರ್ನಿಚರ್ ಸ್ಟೋರಲ್ಲಿ ಸೇಲಿತ್ತು."

ಅವನು ಸ್ನಾನಕ್ಕೆ ಹೋದಾಗ ಊರ್ಮಿಳಾ ಫ್ರೇಮನ್ನು ಗೋಡೆಯಿಂದ ಸರಿಸಿ ಮೂಸಿದಳು. ಯಾರದೋ ಮನೆಯ ಚುಟ್ಟಾದ ವಾಸನೆ. ತಂತಿಗೆ ತುಕ್ಕು. ಅಂಗಡಿಯ ಮಾಲಲ್ಲ ಇದು.

ಸೋಮವಾರ ಗೆಳತಿ ಮೈಥಿಲಿ ಫೋನು ಮಾಡಿದಳು. "ಪಕ್ಕದೂರು ಮೌಂಟನ್ ವ್ಯೂನಲ್ಲಿ ಒಬ್ಬ ಅಜ್ಜಿ ಹೋಗ್ಬಿಟ್ಲಲ್ಲ ಕಣೇ, ಅವಳ ಮನೆ ಸಾಮಾನು ಮಾರ್ತಿದ್ರು. ನಮ್ಮನೆಯವ್ರು ಲ್ಯಾಂಪು ತಂದ್ರು. ನಿಮ್ಮನೆಯವ್ರೂ ಜೊತೇಲಿದ್ರು, ಏನು ತಂದ್ರು?"

ಸತ್ತವಳ ಗೋಡೆಯಿಂದ ಇಳಿಸಿದ್ದನ್ನು ಬಸುರಿಯ ಕೋಣೆಗೆ ತಂದಿದ್ದ. ಊರ್ಮಿಳಾಳ ಮೈ ಉರಿಯಿತು. ಮಧ್ಯಾಹ್ನ ಶೇಷಾದ್ರಿ ಊಟಕ್ಕೆ ಬಂದಾಗ ಚಿತ್ರ ಬಾಲ್ಕನಿಯಲ್ಲಿತ್ತು.

"ಬಸುರಿ ಎದ್ದ ತಕ್ಷಣ ಒಳ್ಳೇ ಚಿತ್ರ ನೋಡ್ಬೇಕು ಅಂತ ಅಮ್ಮ ಹೇಳ್ತಿದ್ರು" ಎಂದ ಅವನು, ತಲೆ ತಗ್ಗಿಸಿ. "ಇಲ್ಲಿ ಬಾಲಕೃಷ್ಣನ ಪಟ ಎಲ್ಲಿ ಸಿಗತ್ತೆ? ನಿನ್ನ ಕಿಟಕೀಲಿ ನೋಡಿದ್ರೆ ಫ್ರೀವೇ ಮೇಲೆ ಓಡೋ ಕಾರು. ಇದರಲ್ಲಿ ಹಸುವಾದ್ರೂ ಇದ್ವು. ಸತ್ತವರ ಮನೇದು ಅಂದ್ರೆ ಹೆದರ್ತೀಯ ಅಂತ ಹೇಳ್ಲಿಲ್ಲ."

ಹೆದರುತ್ತೀಯ ಅಂತ. ಮತ್ತದೇ ಮಾತು. ಅವಳಿಗೆ ಚಿತ್ರ ಮರೆತೇ ಹೋಯಿತು.

"ಮೊನ್ನೆ ಡಾಕ್ಟರು ಏನಂದ್ರು? ನಿಜ ಹೇಳಿ."

"ಚೆನ್ನಾಗಿದೆ ಅಂದ್ರು. ದೇವರಾಣೆ."

ಅವನ ಮುಖ ನೋಡಿದಳು. ಮೊದಲ ಬಸಿರಿನ ಆ ದಿನವೂ ಅದು ಹೀಗೇ ಇತ್ತು. ಸೀದಾ ಹೋಗಿ ಕ್ಲಿನಿಕ್ಕಿಗೆ ಫೋನು ತಿರುಗಿಸಿದಳು. "ಕೊಡು, ನಾನು ಕೇಳ್ತೀನಿ" ಎಂದು ಅವನು ಕೈ ಚಾಚಿದ. ಅವಳು ಬೆನ್ನು ತಿರುಗಿಸಿ, ತನಗೆ ಬಂದ ಇಂಗ್ಲಿಷಿನಲ್ಲೇ ಕೇಳಿದಳು. ನರ್ಸು ಹೇಳಿದ್ದನ್ನು ಇನ್ನೊಮ್ಮೆ ಹೇಳಿಸಿಕೊಂಡು, ರಿಸೀವರು ಇಟ್ಟು, ಸೆರಗಿನಿಂದ ಕಣ್ಣೊರೆಸಿಕೊಂಡಳು.

"ಏನಂದ್ರು?"

"ಎಲ್ಲಾ ಸರಿಯಾಗಿದೆಯಂತೆ."

ಶೇಷಾದ್ರಿ ಅವಳ ಒದ್ದೆ ಕಣ್ಣನ್ನೇ ನೋಡುತ್ತ ನಿಂತ.

"ನಿಜ ಹೇಳ್ತಿದೀಯ ತಾನೆ?" ಎಂದ.