ವಾರ ವಾರ ಸಾಯುವ ಮಗ

ಆರಿನ್ ಟ್ಯಾಕೆಟ್‌ನ ಮುಖವೇ ಅಂಥದ್ದು, ಪಾಪ. ಕೂಡಿದ ಹುಬ್ಬು, ಒಂದು ಬದಿಗೆ ಸೊಟ್ಟಗಾದ ಮೂಗು. ಚರ್ಚಿನಲ್ಲಿ ಕಣ್ಮುಚ್ಚಿ ಕೂತರೂ ಕಾಣಿಕೆ ತಟ್ಟೆಗೆ ಹೊಂಚು ಹಾಕಿದವನಂತೆ ಕಾಣುತ್ತಿದ್ದ. ಕ್ಯಾನ್ಸಸ್‌ನಲ್ಲಿ ಹಾಲಿನ ಲಾರಿ ಓಡಿಸಿಕೊಂಡಿದ್ದವನು ಕ್ಯಾಲಿಫೋರ್ನಿಯಾಕ್ಕೆ ಹೋಗಿ, ಟೀವಿಯ ಕೌಬಾಯ್ ಧಾರಾವಾಹಿಯವರ ಬಾಗಿಲು ತಟ್ಟಿದ. ಆ ಮುಖ ನೋಡಿದ್ದೇ ತಡ, ಕೈಗೊಂದು ಪಿಸ್ತೂಲು ಕೊಟ್ಟು ದರೋಡೆಕೋರರ ಸಾಲಿನಲ್ಲಿ ನಿಲ್ಲಿಸಿದರು. ದರೋಡೆಕೋರ ಅಂದಮೇಲೆ ಸಾಯಲೇಬೇಕಲ್ಲ! ಚಾವಣಿಯಿಂದ ಬಿದ್ದು ಸತ್ತ, ಕುದುರೆಯಿಂದ ಉರುಳಿ ಸತ್ತ, ಕುದುರೆಗೆ ನೀರಿಡುವ ತೊಟ್ಟಿಯಲ್ಲಿ ಮಗುಚಿಕೊಂಡು ಸತ್ತ. ಒಂದು ಧಾರಾವಾಹಿಯಲ್ಲಿ ಸತ್ತವನು ಅದರಲ್ಲೇ ಮತ್ತೆ ಮುಖ ತೋರಿಸಬೇಕಾದರೆ ಜನ ಮರೆಯುವತನಕ ಕಾಯಬೇಕು; ಅಷ್ಟರಲ್ಲಿ ಮೀಸೆ ಬಿಟ್ಟುಕೊಂಡು ಇನ್ನೊಂದರಲ್ಲಿ ಸತ್ತು ಬರುತ್ತಿದ್ದ. ಕೆಲಸಕ್ಕೇನೂ ಕೊರತೆ ಇರಲಿಲ್ಲ.

ಕೊರಗು ಇದ್ದದ್ದು ಊರಿನಲ್ಲಿದ್ದ ಅವನ ಅಮ್ಮ ಹೆಟ್ಟಿಗೆ. ಮಗ ಗುಂಡು ತಿಂದು ಬಿದ್ದದ್ದನ್ನು ಮೊದಲ ಸಲ ಟೀವಿಯಲ್ಲಿ ನೋಡಿದಾಗ ಅವಳಿಗೆ ಊಟವೇ ಸೇರಲಿಲ್ಲ. ದೊಡ್ಡ ಮಗ ಲಾಯ್ಡ್ ಯುದ್ಧದಲ್ಲಿ ಹಡಗಿನೊಡನೆ ಮುಳುಗಿಹೋಗಿದ್ದ. ಸುದ್ದಿ ಬಂತು, ಹೆಣ ಬರಲಿಲ್ಲ. ಉಳಿದವನೊಬ್ಬನನ್ನು ಸೋಪಿನ ಪುಡಿಯ ಜಾಹೀರಾತುಗಳ ನಡುವೆ ಕೊಲ್ಲುತ್ತಿದ್ದರೆ ಯಾವ ತಾಯಿ ತಾನೇ ಸಹಿಸಿಯಾಳು? ಅಂದಿನಿಂದ ಅವಳದೊಂದು ರೂಢಿ. ಮಗ ತೆರೆಯ ಮೇಲೆ ಬಂದರೆ ಕಣ್ತುಂಬ ನೋಡುವಳು. ಯಾರಾದರೂ ಪಿಸ್ತೂಲಿಗೆ ಕೈ ಹಾಕಿದರೋ, ಎದ್ದು ಹೋಗಿ ಟೀವಿ ಆರಿಸಿಬಿಡುವಳು.

ಪಕ್ಕದ ಮನೆಯ ಮೇಬಲ್ ಸುಮ್ಮನಿರುವ ಪೈಕಿಯಲ್ಲ. ಬೇಲಿಯಾಚೆಯಿಂದಲೇ ಶುರು ಮಾಡುತ್ತಿದ್ದಳು.

"ಹೆಟ್ಟೀ, ನಿನ್ನೆ ನೋಡ್ದ್ಯೇನೇ? ನಿನ್ನ ಮಗ ತೊಟ್ಟೀಲಿ ಬಿದ್ದ ನೋಡು, ಅಯ್ಯಯ್ಯೋ, ಎಷ್ಟು ಚೆನ್ನಾಗಿ ಸತ್ತ ಅಂತೀಯಾ!"

"ನಮ್ಮನೇಲಿ ಸಾಯ್ಲಿಲ್ಲ ಕಣೇ. ನಿಮ್ಮನೇಲಿ ಸತ್ತಿರ್ಬೇಕು."

ಮಗನ ಫೋನ್ ಬಂದಾಗ ಮಾತ್ರ ಹೆಟ್ಟಿಯ ದನಿ ಇಳಿಯುತ್ತಿತ್ತು. "ಒಂದೇ ಒಂದು ಸಲ ಬದುಕಿ ತೋರ್ಸೋ. ಅವ್ರಿಗೆ ಹೇಳಿ ನೋಡು."

"ಅದು ಸುಳ್ಳು ಸಾವು ಅಮ್ಮಾ. ಆಮೇಲೆ ಎದ್ದು ಪ್ಯಾಂಟ್ ಕೊಡವಿಕೊಂಡು ಊಟಕ್ಕೆ ಹೋಗ್ತೀನಿ."

"ಅದನ್ನ ತೋರ್ಸಲ್ವಲ್ಲೋ ಅವ್ರು!"

ಈ ಮಾತು ಆರಿನ್‌ನ ಎದೆಗೆ ನಾಟಿಬಿಟ್ಟಿತು. ಅದೇ ಚಳಿಗಾಲ ನಿರ್ದೇಶಕ ಕ್ರೂಗರ್ ಅವನನ್ನು ಕರೆದು ದರೋಡೆಕೋರರ ನಾಯಕನ ಪಾತ್ರ ಕೊಡುತ್ತೇನೆ ಎಂದ. ಬಾಯ್ತುಂಬ ಮಾತು, ಕೊನೆಯಲ್ಲಿ ಭರ್ಜರಿ ಸಾವು. ಅಂಥ ಪಾತ್ರಕ್ಕಾಗಿಯೇ ಅವನು ಇಷ್ಟು ವರ್ಷ ಮೈಕೈ ಮುರಿದುಕೊಂಡದ್ದು. ಆದರೆ ಅವನು ಕೇಳಿದ್ದು ಕುದುರೆಗಾಡಿ ಹೊಡೆಯುವವನ ಪಾತ್ರವನ್ನು.

"ತಲೆ ಕೆಟ್ಟಿದ್ಯೇನಯ್ಯಾ? ಆ ಗಾಡಿಯವನಿಗಿರೋದು ಒಂದೇ ಮಾತು."

"ಸಾಯ್ತಾನಾ ಸಾರ್?"

"ಇಲ್ಲ. ಊಟಕ್ಕೆ ಮನೆಗೆ ಹೋಗ್ತಾನೆ."

"ಹಾಗಾದ್ರೆ ನಂಗೆ ಅದೇ ಇರ್ಲಿ."

"ಈ ಮುಖ ಇಟ್ಕೊಂಡು?"

"ಟೋಪಿ ಕೆಳಗೆ ಎಳ್ಕೋತೀನಿ ಬಿಡಿ."

ನಾಯಕನ ಪಾತ್ರ ಸಿಕ್ಕಿದವನು ಮುಂದೆ ಹೆಸರು ಮಾಡಿದ. ಅದರ ಮಾತು ಬೇಡ.

ಅಮ್ಮ ತಾನಾಗಿಯೇ ನೋಡಿ ಖುಷಿಪಡಲಿ ಅಂತ ಆರಿನ್ ಏನನ್ನೂ ಬಾಯಿಬಿಡಲಿಲ್ಲ. ಶನಿವಾರ ತಪ್ಪದೆ ನೋಡು ಎಂದಷ್ಟೇ ಹೇಳಿದ. ಭಾನುವಾರ ಆತುರದಿಂದ ಫೋನ್ ಮಾಡಿದ.

"ನೋಡ್ದ್ಯಾ ಅಮ್ಮಾ?"

"ನೋಡ್ದೆ. ಗಾಡಿಗೆ ಅಡ್ಡ ಬಂದು ಪಿಸ್ತೂಲು ತೆಗೆದ್ರು, ತಕ್ಷಣ ಆರಿಸ್ದೆ. ನೀನೇನೂ ಯೋಚ್ನೆ ಮಾಡ್ಬೇಡ."

ಅವನು ತಲೆಯ ಮೇಲೆ ಕೈ ಹೊತ್ತು ಕೂತ. ಬಾಯಲ್ಲಿ ಹೇಳಿದರೆ ಸಮಾಧಾನಕ್ಕೆ ಹೇಳುತ್ತಾನೆ ಅಂದುಕೊಳ್ಳುತ್ತಾಳೆ, ಅವನಿಗೆ ಗೊತ್ತಿಲ್ಲವೇ? ಬೇಸಗೆಯಲ್ಲಿ ಹಳೆಯ ಕಂತುಗಳನ್ನು ಮತ್ತೆ ಹಾಕುತ್ತಾರೆ. ಅಲ್ಲಿಯವರೆಗೆ ಕಾದು, ಗಾಡಿಯವನ ಕಂತು ಬರುವ ಶನಿವಾರಕ್ಕೆ ಸರಿಯಾಗಿ ಬಸ್ಸು ಹತ್ತಿ ಊರಿಗೆ ಬಂದ.

ಒಲೆಯ ಮೇಲೆ ಅವರೆಕಾಳು, ಹಂದಿಮಾಂಸ ಬೇಯುತ್ತಿತ್ತು. ತೆರೆಯ ಮೇಲೆ ಕಳ್ಳರು ಪಿಸ್ತೂಲು ತೆಗೆದರು. ಹೆಟ್ಟಿ ಎದ್ದಳು. ಆರಿನ್ ಅವಳ ಕೈ ಹಿಡಿದುಕೊಂಡ.

"ಬಿಡೋ ಕೈನ!"

"ಕೂತ್ಕೋ ಅಮ್ಮಾ."

"ಬೇಡ್ವೋ, ನನ್ನ ಕೈಲಾಗಲ್ಲ..."

"ನಾನಿಲ್ಲೇ ಇದೀನಲ್ಲ. ಕೂತ್ಕೋ."

ಗುಂಡುಗಳು ಹಾರಿದವು. ಗಾಡಿಯವನು ಆಸನದ ಕೆಳಗೆ ಕುಸಿದ. ಹೆಟ್ಟಿ ಕಣ್ಣು ಮುಚ್ಚಿ ಮಗನ ಕೈಯನ್ನು ನೋಯುವಷ್ಟು ಹಿಂಡಿದಳು. ಹೊಗೆ ಕರಗಿದ ಮೇಲೆ ಆರಿನ್, "ಈಗ ನೋಡು" ಎಂದ. ಗಾಡಿಯವನು ಮೆಲ್ಲಗೆ ತಲೆಯೆತ್ತಿದ, ಬಿದ್ದ ಟೋಪಿಯನ್ನು ಕೊಡವಿ ಹಾಕಿಕೊಂಡು ಲಗಾಮು ಹಿಡಿದ. "ಬರ್ತೀನ್ರಪ್ಪಾ, ಮನೇಲಿ ಊಟ ಆರಿ ಹೋಗುತ್ತೆ" ಎಂದು ಗಾಡಿ ಹೊಡೆದುಕೊಂಡು ಹೋದ. ಆಮೇಲೆ ಸೋಪಿನ ಪುಡಿ ಬಂತು.

ಹೆಟ್ಟಿ ಗಳಗಳನೆ ಅತ್ತಳು. "ಒಬ್ಬನಾದ್ರೂ ಮನೆಗೆ ಬಂದ್ನಲ್ಲೋ" ಎಂದಳು. ಆಮೇಲೆ ಮುಖ ಒರೆಸಿಕೊಂಡು ಊಟಕ್ಕೆ ಬಡಿಸಿದಳು.

ಆರಿನ್ ವಾಪಸು ಹೋಗಿ ಮತ್ತೆ ಸಾಯುತ್ತಾ ಬಂದ, ಹೊಟ್ಟೆಪಾಡು. ಕೌಬಾಯ್ ಧಾರಾವಾಹಿಗಳೇ ನಿಂತುಹೋಗುವವರೆಗೂ ಅದೇ ಕೆಲಸ. ಹೆಟ್ಟಿ ಮಾತ್ರ ಆಮೇಲೆ ಯಾವತ್ತೂ ನಡುವೆ ಎದ್ದು ಟೀವಿ ಆರಿಸಲಿಲ್ಲ.

"ನಿನ್ನೆ ನಿನ್ನ ಮಗನ್ನ ನೇಣಿಗೆ ಹಾಕಿದ್ರಲ್ಲೇ," ಎಂದಳು ಮೇಬಲ್ ಒಂದು ದಿನ, ಬೇಲಿಯ ಮೇಲೆ ಬಗ್ಗಿ. "ನೋಡ್ದ್ಯೋ, ಆರಿಸ್ದ್ಯೋ?"

"ಪೂರ್ತಿ ನೋಡ್ದೆ," ಎಂದಳು ಹೆಟ್ಟಿ, ಬಟ್ಟೆ ಒಣಹಾಕುತ್ತಾ. "ಅವನ್ಯಾರೋ ಬೇರೆಯವನು ಕಣೇ. ನನ್ನ ಮಗ ಗಾಡಿ ಹೊಡೀತಾನೆ."