ಪೆನ್ಸಿಲ್ಲಿನಲ್ಲಿ ಬರೆದ ವಿಳಾಸಗಳು

ಕಾಕಾ ಅವರ ಬಲಗೈಯ ತೋರುಬೆರಳು ಅರ್ಧವೇ ಇತ್ತು. ಉಳಿದರ್ಧವನ್ನು ಸನತ್‌ನಗರದ ಕಾರ್ಖಾನೆಯೊಂದರ ಪ್ರೆಸ್ ಮಷೀನು ನುಂಗಿತ್ತು. ಆ ಮೋಟು ಬೆರಳಿನಿಂದ ಅವರು ಕಪಾಟು ತೋರಿಸಿದರೆ ಮೇಲಿನ ಸಾಲೋ ಕೆಳಗಿನ ಸಾಲೋ ತಿಳಿಯುತ್ತಿರಲಿಲ್ಲ. ಕೇಳಿದರೆ, "ಅರ್ಧ ನಾ ತೋರಸ್ತೀನಿ, ಉಳದದ್ದು ನೀವ ಹುಡುಕ್ರಿ" ಎನ್ನುತ್ತಿದ್ದರು.

ಅವರು ನನಗೆ ಬಂಧುವಲ್ಲ. ನಮ್ಮ ಕನ್ನಡ ವಾಚನಾಲಯವನ್ನು ನೋಡಿಕೊಳ್ಳುತ್ತಿದ್ದವರು. ಊರವರೆಲ್ಲ ಕಾಕಾ ಎನ್ನುತ್ತಿದ್ದರು, ನಾನೂ ಎಂದೆ. ರಾಯಚೂರು ಕಡೆಯವರು. ಬೆರಳು ಹೋದ ಮೇಲೆ ಕಾರ್ಖಾನೆ ಅವರನ್ನು ಬಿಟ್ಟಿತು, ಅವರು ಪುಸ್ತಕ ಹಿಡಿದರು. ವಾಚನಾಲಯವೆಂದರೆ ತಗಡಿನ ಸೂರಿನ ಒಂದು ಕೋಣೆ. ಅದರ ಹಿಂದೆ, ಮಂಚ ಹಾಕಿದರೆ ಬಾಗಿಲು ಪೂರ್ತಿ ತೆರೆಯದ ಇನ್ನೊಂದು ಕೋಣೆ. ಅದು ಅವರ ಮನೆ.

ತೆಲುಗರ ಆ ಊರಿಗೆ ಅಪ್ಪ ಬಂದದ್ದು ಕೇಂದ್ರ ಸರ್ಕಾರದ ಕಾರ್ಖಾನೆಯ ಕೆಲಸಕ್ಕೆ. ನಾನು ಓದುತ್ತಿದ್ದುದು ಇಂಗ್ಲಿಷು, ಬೀದಿಯಲ್ಲಿ ಆಡುತ್ತಿದ್ದುದು ತೆಲುಗು. ಎಂಟು ವರ್ಷವಾದರೂ ಕನ್ನಡದ ಒಂದಕ್ಷರ ಬರುತ್ತಿರಲಿಲ್ಲ. ಕಾಕಾ ಕಲಿಸಿದರು. ಕಲಿಸಿದ ಮೇಲೆ ಸುಮ್ಮನೆ ಬಿಡಲಿಲ್ಲ. ಭಾನುವಾರ ಕಟ್ಟಡದ ಕೆಲಸದಿಂದ ಬರುತ್ತಿದ್ದ ನಮ್ಮ ಕಡೆಯ ಜನರ ಮುಂದೆ ಕೂರಿಸಿ ಗಟ್ಟಿಯಾಗಿ ಕಥೆ ಓದಿಸಿದರು. ಇಟ್ಟಿಗೆ ಹೊರುತ್ತಿದ್ದ ಹೆಂಗಸೊಬ್ಬಳು ಸೆರಗು ಬಾಯಿಗೆ ಹಿಡಿದು ನಕ್ಕಳು. "ಹುಡುಗಿ ತೆಲುಗಿನ್ಯಾಗ ಕನ್ನಡ ಓದಾಕತ್ತಾಳ."

"ಓದ್ಲಿ ಬಿಡವ್ವ," ಎಂದರು ಕಾಕಾ. "ಕನ್ನಡಕ್ಕೇನ್ ನೋವಾಗಾಂಗಿಲ್ಲ."

ಪುಸ್ತಕ ಒಯ್ದವರ ಹೆಸರನ್ನು ಅವರು ದಪ್ಪ ರಿಜಿಸ್ಟರಿನಲ್ಲಿ ಪೆನ್ನಿನಿಂದ ಬರೆಯುತ್ತಿದ್ದರು, ವಿಳಾಸವನ್ನು ಪೆನ್ಸಿಲ್ಲಿನಿಂದ. ವಿಳಾಸಗಳೋ ದೇವರಿಗೇ ಪ್ರೀತಿ: 'ಮಾಧಾಪುರ, ಬಂಡೆ ಒಡೆಯುವಲ್ಲಿ, ನೀಲಿ ತಾಡಪತ್ರಿ ಹೊದಿಸಿದ ಗುಡಿಸಲು.' ಕಟ್ಟಡ ಮುಗಿದು ಜನ ಬೇರೆ ಕಡೆ ಹೋದರೆ ರಬ್ಬರಿನಿಂದ ಅಳಿಸಿ ಹೊಸದು ಬರೆಯುವರು. ಪೆನ್ಸಿಲ್ ಯಾಕೆಂದು ಕೇಳಿದ್ದೆ. "ಹೆಸರು ಬದಲಾಗಾಂಗಿಲ್ಲ ಯವ್ವಾ. ಮನಿ ಬದಲಾಗತೈತಿ."

ಒಮ್ಮೆ ಪುಸ್ತಕವೊಂದನ್ನು ವಾಪಸು ತರಲು ಸೈಕಲ್ ಹಿಂದೆ ನನ್ನನ್ನು ಕೂರಿಸಿಕೊಂಡು ಹೋದರು. ಗುಡಿಸಲುಗಳಿದ್ದ ಜಾಗದಲ್ಲಿ ಹುಲ್ಲುಹಾಸು ಹಾಸುತ್ತಿದ್ದರು. ನನಗೆ ಸಿಟ್ಟು ಬಂತು, ಕದ್ದರು ಎಂದೆ. ಕಾಕಾ ಮುಖ ಗಂಟಿಕ್ಕಿದರು. "ಪುಸ್ತಕ ಕಳದಿಲ್ಲ. ಅವರ ಮನಿ ಕಳದೈತಿ." ಮಳೆಗಾಲ ಕಳೆದ ಮೇಲೆ ಆ ಪುಸ್ತಕ ಸಿಮೆಂಟು ಚೀಲದ ಕಾಗದದಲ್ಲಿ ಸುತ್ತಿಕೊಂಡು, ಯಾರದೋ ಕೈಯಿಂದ ಯಾರದೋ ಕೈಗೆ ದಾಟಿ, ನಮ್ಮ ಬಾಗಿಲಿಗೆ ಬಂತು. ಒಂದು ಹಾಳೆಯೂ ಹರಿದಿರಲಿಲ್ಲ.

ಮುಂದೆ ಮಾಧಾಪುರದ ಬಂಡೆಗಳು ಹೋಗಿ ಗಾಜಿನ ಕಟ್ಟಡಗಳು ಎದ್ದವು. ಅಂಥದ್ದೊಂದರಲ್ಲಿ ನನಗೆ ಸಾಫ್ಟ್‌ವೇರ್ ಕೆಲಸ ಸಿಕ್ಕಿತು. ವಾಚನಾಲಯ ನಡೆಸುತ್ತಿದ್ದ ಕನ್ನಡ ಸಂಘದಲ್ಲಿ ಕಾರ್ಯದರ್ಶಿಯೂ ಆದೆ. ವಾಚನಾಲಯ ಉದ್ಧಾರವಾಗಬೇಕು, ಕಂಪ್ಯೂಟರು ಬರಬೇಕು ಎಂದು ಭಾಷಣ ಮಾಡಿ, ಅದುವರೆಗೆ ಇಲ್ಲದ ನಿರ್ದೇಶಕರ ಹುದ್ದೆಯೊಂದನ್ನು ಹುಟ್ಟಿಸಿ, ನಮ್ಮ ಕಂಪನಿಯ ಮ್ಯಾನೇಜರನ್ನೇ ಕರೆತಂದೆ. ಮೈಸೂರಿನ ಸಭ್ಯ ಮನುಷ್ಯ. ಅವರನ್ನು ಬಯ್ದು ನಾನು ತಪ್ಪಿಸಿಕೊಳ್ಳುವಂತಿಲ್ಲ.

ಸ್ವಾಗತದ ದಿನ ಕಾಕಾ ತಾವೇ ನೆಲ ತೊಳೆದು, ಬಾಗಿಲಿಗೆ ಮಾವಿನೆಲೆ ಕಟ್ಟಿದ್ದರು. ಹಾರ ಹಾಕಿದ ಮೇಲೆ ಬೀಗದ ಕೈಯನ್ನೂ ರಿಜಿಸ್ಟರನ್ನೂ ಎರಡು ಕೈಯಲ್ಲಿ ಹಿಡಿದು ಕೊಟ್ಟರು. ನಿರ್ದೇಶಕರು ಒಂದು ಪುಟ ತೆರೆದು ಮೈಕಿನಲ್ಲಿ ಓದಿದರು: "ಮೂರನೇ ಕ್ರೇನಿನ ಕೆಳಗೆ, ಚಹಾದ ಡಬ್ಬಿ ಅಂಗಡಿಯ ಎದುರು. ಇದೇನ್ರೀ, ವಿಳಾಸವಾ?" ಸಭೆ ನಕ್ಕಿತು. ನಾನೂ ನಕ್ಕೆ.

ಕಾಕಾ ಕೈಮುಗಿದೇ ಹೇಳಿದರು. "ಹೌದ್ರಿ ಸರ. ಈಗ ಕ್ರೇನ್ ಇಲ್ರಿ. ನೀವು ಕುಂದ್ರೂ ಆಫೀಸ್ ಐತಿ ಅಲ್ಲಿ."

ತಿಂಗಳೊಳಗೆ ನಿಯಮ ಬಂತು. ಗುರುತಿನ ಚೀಟಿ, ವಿಳಾಸದ ದಾಖಲೆ ಇಲ್ಲದವರಿಗೆ ಪುಸ್ತಕವಿಲ್ಲ. ಹಿಂದಿನ ಕೋಣೆ ಕಂಪ್ಯೂಟರಿಗೆ ಬೇಕು. ಎರಡನ್ನೂ ಒಂದೇ ಹಾಳೆಯಲ್ಲಿ, ಕಾಕಾ ಕಲಿಸಿದ ಕನ್ನಡದಲ್ಲಿ, ಬರೆದು ಅಂಟಿಸಿದವಳು ನಾನು. ಅವರು ಕನ್ನಡಕ ಏರಿಸಿ ನಿಧಾನವಾಗಿ ಓದಿದರು. "ತಪ್ಪಿಲ್ಲದಂಗ ಬರದೀ ಯವ್ವಾ" ಎಂದರು. ಮರುದಿನ ಟ್ರಂಕು ಹೊತ್ತು ಹೋದರು. ಭಾನುವಾರದ ಜನ ಎರಡು ವಾರ ಬಾಗಿಲವರೆಗೆ ಬಂದು, ಮೂರನೆಯ ವಾರದಿಂದ ಬರುವುದನ್ನೇ ನಿಲ್ಲಿಸಿದರು. ರಿಜಿಸ್ಟರು ರದ್ದಿಗೆ ಹೋಯಿತು. ಉಂಡ ಮನೆಗೆ ಎರಡು ಬಗೆಯುವುದು ಎಂದರೆ ಏನೆಂದು ನನ್ನನ್ನು ಕೇಳಬೇಕು.

ಮರುವರ್ಷ ಒಂದು ಭಾನುವಾರ ಮೇಜಿನ ಬಳಿ ನಾನೇ ಕುಳಿತಿದ್ದೆ. ಕಾಕಾ ಬಂದರು, ತುಂಬ ಇಳಿದುಹೋಗಿದ್ದರು. ಓದಲು ಒಂದು ಪುಸ್ತಕ ಬೇಕೆಂದರು. ಅಷ್ಟು ವರ್ಷ ನಡೆಸಿದವರು ತಮ್ಮ ಹೆಸರನ್ನು ಎಂದೂ ಸದಸ್ಯರಲ್ಲಿ ಬರೆದುಕೊಂಡಿರಲಿಲ್ಲ. ನಾನು ಕಂಪ್ಯೂಟರಿನಲ್ಲಿ ಹೆಸರು ಹಾಕಿ, ವಿಳಾಸ ಕೇಳಿದೆ.

"ನಾಚಾರಂದಾಗ, ಅಣ್ಣನ ಮಗನ ಶೆಡ್ಡಿನ್ಯಾಗ ಅದೀನಿ. ಯಾವಾಗ ಕಿತ್ತಸ್ತಾರೋ ಗೊತ್ತಿಲ್ಲ."

"ದಾಖಲೆ ಏನಾರ ಐತೇನ್ರಿ ಕಾಕಾ?"

ಅವರು ಮೇಜಿನ ಮೇಲೆ ಕಣ್ಣಾಡಿಸಿದರು. "ಪೆನ್ಸಿಲ್ ಇಲ್ಲೇನ?"

ವಿಳಾಸದ ದಾಖಲೆಯಿಲ್ಲದೆ ಕಂಪ್ಯೂಟರು ಮುಂದಕ್ಕೆ ಹೋಗುತ್ತಿರಲಿಲ್ಲ. ಆ ಪ್ರೋಗ್ರಾಮು ಬರೆದವಳೂ ನಾನೇ. ಮುಂದಿನ ವಾರ ಬರ್ರಿ, ಸರ್‌ಗೆ ಕೇಳಿರ್ತೀನಿ ಎಂದೆ. ಕೇಳಲಿಲ್ಲ. ಕಪಾಟಿನಿಂದ ಒಂದು ಪುಸ್ತಕ ತೆಗೆದು ಸುಮ್ಮನೆ ಅವರ ಕೈಯಲ್ಲಿ ಇಡಬಹುದಿತ್ತು. ಅದು ಹೊಳೆದದ್ದು ಅವರು ಹೋದ ಮೇಲೆ. ಅವರು ಮತ್ತೆ ಬರಲಿಲ್ಲ.

ಕೋಠಿಯ ಬಸ್‌ಸ್ಟಾಪಿನಲ್ಲಿ ನನ್ನನ್ನು ಗುರುತು ಹಿಡಿದದ್ದು, ಹಿಂದೆ ನನ್ನ ಓದಿಗೆ ನಕ್ಕಿದ್ದ ಆ ಇಟ್ಟಿಗೆ ಹೊರುವ ಹೆಂಗಸು. "ಕಾಕಾ ಹೋಗಿ ತಿಂಗಳಾತು. ನಿನಗ್ಯಾರೂ ಹೇಳಲಿಲ್ಲೇನ?" ಎಂದಳು. ಶೆಡ್ಡು ಕಿತ್ತಿದ್ದರಂತೆ. ಅಣ್ಣನ ಮಗ ಎಲ್ಲಿ ಹೋದನೋ ಅವಳಿಗೂ ತಿಳಿಯದು.

ನಿರ್ದೇಶಕರಿಗೆ ನಿಜವಾಗಿಯೂ ಬೇಸರವಾಯಿತು. "ಸಂತಾಪದ ಪತ್ರ ನೀವೇ ಬರೀರಿ ಮೇಡಂ, ನಿಮ್ಮ ಕನ್ನಡ ಚೆನ್ನಾಗಿದೆ. ಮನೆಯವರಿಗೆ ಕಳಿಸೋಣ. ವಿಳಾಸ ಕಂಪ್ಯೂಟರಿನಲ್ಲಿರುತ್ತಲ್ಲ?"

ತಪ್ಪಿಲ್ಲದಂತೆ ಬರೆದೆ. ಆ ಪತ್ರ ಇಂದಿಗೂ ನನ್ನ ಬಳಿಯೇ ಇದೆ. ಕವರಿನ ಮೇಲೆ ಕಾಕಾ ಅವರ ಹೆಸರನ್ನು ಪೆನ್ನಿನಲ್ಲಿ ಬರೆದಿದ್ದೇನೆ. ಅದರ ಕೆಳಗೆ, ಪೆನ್ಸಿಲ್ಲಿನಲ್ಲಾದರೂ ಬರೆಯೋಣವೆಂದರೆ, ನನಗೆ ಏನೂ ಗೊತ್ತಿಲ್ಲ.