ಮಂಗಳ ಹಾಡದ ಸಿನಿಮಾ

ಇಳಕಲ್ಲಿನಲ್ಲಿ ನಮ್ಮ ಮನೆ. ಅಪ್ಪ ಹುನಗುಂದದ ಕೋರ್ಟಿನಲ್ಲಿ ವಕೀಲ, ಊರಿನ ಫಿಲ್ಮ್ ಸೊಸೈಟಿಗೆ ಅಧ್ಯಕ್ಷ. ಮೊದಲನೆಯದರಿಂದ ಮನೆ ನಡೆಯುತ್ತಿತ್ತು, ಎರಡನೆಯದರಿಂದ ಅವ್ವನ ತಲೆ ಕೆಡುತ್ತಿತ್ತು. ಎಂಬತ್ತರ ದಶಕದ ಶುರುವಿನಲ್ಲಿ ಅವನು ತರಿಸಿದ ಒಂದು ಸಿನಿಮಾ ನನ್ನ ಮದುವೆಯನ್ನೇ ಮುಳುಗಿಸುವುದರಲ್ಲಿತ್ತು.

ಬೆಂಗಳೂರಿನ ಪತ್ರಿಕೆಗಳು ಆ ಚಿತ್ರವನ್ನು ಹೊಗಳಿ ಹೊಗಳಿ ಅಟ್ಟಕ್ಕೇರಿಸಿದ್ದವು. ಕತೆ ಇಷ್ಟೇ: ಒಬ್ಬಳು ಹೆಂಡತಿ ಒಂದು ಬೆಳಿಗ್ಗೆ ಕಾಣೆಯಾಗುತ್ತಾಳೆ. ಗಂಡ ಹುಡುಕುತ್ತಾನೆ, ಪೊಲೀಸರು ಹುಡುಕುತ್ತಾರೆ, ಕ್ಯಾಮೆರಾ ಮಾತ್ರ ಬಾವಿಯ ಗಡಗಡಿಯನ್ನೇ ನೋಡುತ್ತ ಕೂಡುತ್ತದೆ. ಮೂರು ತಾಸು! ಅಪ್ಪನಿಗೆ ಹುಮ್ಮಸ್ಸು ತಡೆಯಲಿಲ್ಲ. ಮರುದಿನ ನನ್ನನ್ನು ನೋಡಲು ಬರಬೇಕಿದ್ದ ಗುಳೇದಗುಡ್ಡದ ಖಣದ ವ್ಯಾಪಾರಿಗಳ ಮನೆಯವರನ್ನೂ ಆಟಕ್ಕೆ ಕರೆದುಬಿಟ್ಟ. ಹುಡುಗ ಬಾಗಲಕೋಟೆಯಲ್ಲಿ ನನ್ನ ಕಾಲೇಜಿನವನೇ. ನನಗೆ ಅವನೇ ಬೇಕಿತ್ತು, ಬೇರೆ ಯಾರೂ ಬೇಡವಾಗಿತ್ತು.

ಸಿನಿಮಾ ತೋರಿಸಿದ್ದು ಮಠದ ಸಭಾಂಗಣದಲ್ಲಿ. ಅಲ್ಲಿ ಪುರಾಣ ಕೇಳಿ ರೂಢಿಯಾದ ಜನ ಮಂಗಳ ಹಾಡುವ ತನಕ ಏಳುವವರಲ್ಲ. ಹೆಂಡತಿ ಏನಾದಳೆಂದು ಹೇಳದೆಯೇ ಚಿತ್ರ ಮುಗಿದು ಪರದೆ ಬೆಳ್ಳಗಾಯಿತು, ಯಾರೂ ಮಿಸುಕಲಿಲ್ಲ. ಅವಳನ್ನು ಯಾರೋ ಕೊಂದಿರಲೇಬೇಕು, ಕೊಂದವನು ಯಾರೆಂದು ಹೇಳಿ ಮಂಗಳ ಹಾಡುತ್ತಾರೆಂದು ಕಾಯುತ್ತ ಕೂತರು. ಬೆಂಗಳೂರಿನಿಂದ ಬಂದಿದ್ದ ವಿಮರ್ಶಕನೊಬ್ಬ ಕಣ್ಣೊರೆಸಿಕೊಂಡು, ಇಂಥ ರಸಿಕ ಮೌನವನ್ನು ತಾನು ಎಲ್ಲೂ ಕಂಡಿಲ್ಲವೆಂದ. ಪತ್ರಿಕೆಯಲ್ಲಿ ಹಾಗೇ ಬರೆದೂಬಿಟ್ಟ, ಪುಣ್ಯಾತ್ಮ. ಕೊನೆಗೆ ಮಠದ ಮುದುಕರೊಬ್ಬರು ಕರುಣೆಯಿಂದ ಮಂಗಳ ಹಾಡಿದ ಮೇಲೆ ಜನ ಧೋತರ ಕೊಡವಿಕೊಂಡು ಎದ್ದರು.

ಮರುದಿನ ನಾನು ಅವಲಕ್ಕಿಯ ತಟ್ಟೆ ಹಿಡಿದು ಬಂದರೆ ನನ್ನ ಮುಖ ನೋಡುವವರೇ ಇಲ್ಲ. ಹುಡುಗನ ತಂದೆ ಅಪ್ಪನಿಗೆ ಗಂಟುಬಿದ್ದಿದ್ದರು.

"ಕೊಂದಾಂವ ಯಾರ್ರಿ, ವಕೀಲ್ರ?"

ಅದು ಪ್ರೇಕ್ಷಕನ ಒಳಗೇ ಹುಟ್ಟಬೇಕಾದ ಉತ್ತರ ಅಂದ ಅಪ್ಪ. ಅವರ ಮುಖ ಬಿಗಿಯಿತು. ಕೇಳಿದ್ದಕ್ಕೆ ನೆಟ್ಟಗೆ ಉತ್ತರ ಕೊಡದವರ ಮನೆಯಿಂದ ಹೆಣ್ಣು ತರುವುದು ಹೇಗೆ ಎನ್ನುತ್ತ ಶಲ್ಯ ಹೆಗಲಿಗೇರಿಸಿ ಎದ್ದೇಬಿಟ್ಟರು. ಅಪ್ಪ ಕಲೆಯ ಮಾನ ಕಾಯುತ್ತ ಬಾಯಿ ಮುಚ್ಚಿ ಕೂತ. ಮಗಳ ಬಾಳು ಹಾಳಾದರೂ ಸರಿ, ನಿರ್ದೇಶಕನ ಆಶಯಕ್ಕೆ ಧಕ್ಕೆ ಬರಬಾರದು! ನನಗೆ ಮೈಯೆಲ್ಲ ಉರಿಯಿತು.

"ಆಕೀನ ಯಾರೂ ಕೊಂದಿಲ್ರಿ," ಅಂದೆ. "ಬ್ಯಾಸರಾಗಿ ಬಾಗಲಾ ತಗದು ಹೋಗ್ಯಾಳ."

ನೋಡಲು ಬಂದವರ ಮುಂದೆ ಹುಡುಗಿ ತನ್ನ ಹೆಸರು ಬಿಟ್ಟು ಬೇರೇನೂ ಹೇಳಬಾರದು. ಒಳಗೆ ಅವ್ವ ಹಣೆ ಚಚ್ಚಿಕೊಂಡದ್ದು ನನಗೇ ಕೇಳಿಸಿತು. ಹುಡುಗ ಜಮಖಾನೆಯ ಹೂವು ನೋಡತೊಡಗಿದ.

ಅಲ್ಲಿಯವರೆಗೆ ತುಟಿ ಪಿಟಕ್ಕೆನ್ನದ ಅವನ ತಾಯಿ ಗಂಡನ ಶಲ್ಯದ ತುದಿ ಹಿಡಿದು ಕೂಡಿಸಿದರು. ಮಾತು ಗಟ್ಟಿಮಾಡುವ ಎಲೆ ಅಡಿಕೆ ತರಲು ನನ್ನ ಅವ್ವನಿಗೆ ಹೇಳಿದರು. ಆಮೇಲೆ ನನ್ನ ಕಡೆ ಬಾಗಿ ಸಣ್ಣ ದನಿಯಲ್ಲಿ ಅಂದರು:

"ಮೂರು ತಾಸು ನಾನೂ ಅದನ್ನ ಬೇಡ್ಕೊಂಡು ಕುಂತಿದ್ದೆ, ತಂಗಿ. ಆಕಿ ಯಾರ ಕೈಗೂ ಸಿಗಬಾರದು ಅಂತ."